ಸವೊನರೋಲನ ಕೈಗೆ ಬಂದ ಸೇಬು

1498ರ ಮೇ 23. ಇಟಲಿಯ ಫ್ಲಾರೆನ್ಸ್ ನಗರದ ಪಿಯಾತ್ಸಾ ಡೆಲ್ಲಾ ಸಿನ್ಯೋರಿಯಾ ಚೌಕ. ಕಂಬಕ್ಕೆ ಒಬ್ಬ ಸನ್ಯಾಸಿಯನ್ನು ಕಟ್ಟಿದ್ದಾರೆ. ಕೆಳಗೆ ಸೌದೆಗೆ ಬೆಂಕಿ ಹತ್ತಿದೆ. ಸುತ್ತ ನಿಂತ ಜನ ಕಿರುಚುತ್ತಿದ್ದಾರೆ. ಆಗ ಮುಸುಕು ಹಾಕಿದ ಒಬ್ಬ ಚಿತೆಯ ಮೇಲಕ್ಕೆ ನೆಗೆಯುತ್ತಾನೆ. ಮುಂಗೈಯಲ್ಲಿ ಅಡಗಿಸಿಟ್ಟ ಅಲಗಿನಿಂದ ಸನ್ಯಾಸಿಯನ್ನು ಇರಿದು, ನರಳಾಟದಿಂದ ಬಿಡಿಸುತ್ತಾನೆ. ಆಮೇಲೆ ಜನರ ಕಡೆ ತಿರುಗಿ ಮಾತಾಡುತ್ತಾನೆ. ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ, ನಿಮ್ಮ ದಾರಿ ನೀವೇ ಆರಿಸಿಕೊಳ್ಳಿ ಅನ್ನುವ ಅರ್ಥದ ಮಾತು.

ಇದು 'ಅಸ್ಯಾಸಿನ್ಸ್ ಕ್ರೀಡ್ 2' ವಿಡಿಯೋ ಆಟದ ದೃಶ್ಯ. ಆಟ ಬಂದದ್ದು 2009ರ ನವೆಂಬರ್‌ನಲ್ಲಿ. ಈ ಭಾಗ ಮಾತ್ರ 2010ರ ಫೆಬ್ರವರಿಯಲ್ಲಿ ಡಿಎಲ್‌ಸಿಯಾಗಿ, ಅಂದರೆ ಬೇರೆಯಾಗಿ ಕೊಂಡು ಸೇರಿಸಿಕೊಳ್ಳುವ ಅಧ್ಯಾಯವಾಗಿ ಬಂತು. ಇರಿದವನು ಆಟದ ನಾಯಕ, ಹಂತಕರ ಗುಪ್ತ ಸಂಘದ ಎಟ್ಸಿಯೊ ಔಡಿತೋರೆ. ಅವನು ಪೂರ್ತಿ ಕಲ್ಪನೆ. ಸತ್ತವನು ಮಾತ್ರ ನಿಜವಾಗಿ ಬದುಕಿದ್ದವನು. ಜಿರೊಲಾಮೊ ಸವೊನರೋಲ, ಕ್ಯಾಥೊಲಿಕ್ ಚರ್ಚಿನ ಡೊಮಿನಿಕನ್ ಪಂಥದ ಸನ್ಯಾಸಿ. ತಾರೀಕು ನಿಜ, ಚೌಕ ನಿಜ, ಬೆಂಕಿಯೂ ನಿಜ.

ಮೊದಲ ಸಲ ಆಡಿದಾಗ ಈ ದೃಶ್ಯ ನನ್ನನ್ನು ಅಲ್ಲಾಡಿಸಿಬಿಟ್ಟಿತ್ತು. ಕೊಲೆಗಾರನೇ ಕರುಣೆ ತೋರಿಸುವ ಕ್ಷಣ ಅದು. ವರ್ಷಗಳಾದ ಮೇಲೆ ಆ ದಿನಗಳ ಬಗ್ಗೆ ಓದುತ್ತಾ ಹೋದಾಗ ಬೇರೆಯೇ ಒಂದು ಕಳವಳ ಶುರುವಾಯಿತು. ಧಾರ್ಮಿಕ ವ್ಯಕ್ತಿಗಳನ್ನು ಆಟಗಳಿಗೆ ತರಬಾರದು ಅನ್ನುವವನು ನಾನಲ್ಲ. ತರಲೇಬೇಕು, ಇಲ್ಲದಿದ್ದರೆ ಇತಿಹಾಸದ ಅರ್ಧ ಭಾಗ ಖಾಲಿ ಉಳಿಯುತ್ತದೆ. ಆದರೆ ತಂದಾಗ ಏನನ್ನು ಉಳಿಸಿಕೊಂಡರು, ಏನನ್ನು ತೆಗೆದರು? ಈ ಒಂದೇ ಪ್ರಕರಣ ಹಿಡಿದು ಅದನ್ನು ನೋಡಬೇಕು ಅನ್ನಿಸಿತು.

ಆಟದೊಳಗಿನ ಸವೊನರೋಲ

ಈ ಸರಣಿಯಲ್ಲಿ 'ಈಡನ್‌ನ ಸೇಬು' ಅಂತ ಒಂದು ವಸ್ತು ಇದೆ. ನೋಡಲು ಲೋಹದ ಗುಂಡು. ಮನುಷ್ಯರಿಗಿಂತ ಹಿಂದೆ ಇದ್ದ ಜನಾಂಗವೊಂದು ಮಾಡಿಟ್ಟದ್ದು. ಅದು ಯಾರ ಕೈಯಲ್ಲಿದೆಯೋ ಅವರು ಬೇರೆಯವರ ಮನಸ್ಸನ್ನು ತಮಗೆ ಬೇಕಾದ ಹಾಗೆ ತಿರುಗಿಸಬಹುದು. ಫೋರ್ಲಿ ನಗರದ ಗಲಾಟೆಯಲ್ಲಿ ಎಟ್ಸಿಯೊ ಗಾಯಗೊಂಡು ಬಿದ್ದಾಗ, ಕಪ್ಪು ನಿಲುವಂಗಿಯ ಸನ್ಯಾಸಿಯೊಬ್ಬ ಬಂದು ಸೇಬನ್ನು ಎತ್ತಿಕೊಂಡು ಹೋಗುತ್ತಾನೆ. ಅವನ ಕೈಯಲ್ಲಿ ಒಂದು ಬೆರಳಿಲ್ಲ. ಅವನೇ ಸವೊನರೋಲ.

ಎಟ್ಸಿಯೊ ಫ್ಲಾರೆನ್ಸಿಗೆ ಬರುವ ಹೊತ್ತಿಗೆ ಊರು ಮಂಕಾಗಿದೆ. ಬೀದಿಯಲ್ಲಿ ಚಿತ್ರ, ಪುಸ್ತಕಗಳ ರಾಶಿ ಉರಿಯುತ್ತಿದೆ. ಜೊತೆಗೆ ನಿಲ್ಲುವವನು ರಾಜಕೀಯ ಚಿಂತಕ ನಿಕೊಲೊ ಮಾಕಿಯಾವೆಲ್ಲಿ. ಸನ್ಯಾಸಿಯ ಕೆಳಗೆ ಒಂಬತ್ತು ಜನ ಮುಖ್ಯಸ್ಥರು ಊರನ್ನು ಹಿಡಿದುಕೊಂಡಿದ್ದಾರೆ. ಅವರಲ್ಲಿ ಒಬ್ಬ ಚಿತ್ರಕಾರ, ಒಬ್ಬ ವೈದ್ಯ, ಒಬ್ಬ ರೈತ, ಒಬ್ಬ ವ್ಯಾಪಾರಿ ಇದ್ದಾರೆ. ಆಟಗಾರ ಒಂಬತ್ತೂ ಜನರನ್ನು ಮುಗಿಸಬೇಕು. ಮುಗಿಸಿದ ಮೇಲೆ ಜನ ದಂಗೆ ಏಳುತ್ತಾರೆ. ಸನ್ಯಾಸಿ ಸೇಬನ್ನು ಎತ್ತಿ ಅವರನ್ನು ಅಡಗಿಸಲು ನೋಡುತ್ತಾನೆ. ಎಟ್ಸಿಯೊ ಎಸೆದ ಚಾಕುವಿಗೆ ಸೇಬು ಕೈಜಾರುತ್ತದೆ. ಗುಂಪು ಅವನನ್ನು ಎಳೆದುಕೊಂಡು ಹೋಗುತ್ತದೆ.

ಇದರಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಆ ಒಂಬತ್ತು ಜನರ ಸಾವು. ಕೊನೆಯ ಮಾತಿನಲ್ಲಿ ಅವರ ಒಳಗಿನ ಕೊರಗು ಇಣುಕುತ್ತದೆ. ಇವರು ಹುಟ್ಟಾ ದುಷ್ಟರಲ್ಲ, ಏನೋ ಒಂದು ನೋವಿಗೆ ಮದ್ದು ಹುಡುಕಿಕೊಂಡು ಸನ್ಯಾಸಿಯ ಹತ್ತಿರ ಹೋದವರು ಅನ್ನಿಸುತ್ತದೆ. ಬರೆದವರಿಗೆ ವಿಷಯ ಗೊತ್ತಿತ್ತು. ಆದರೆ ಅದನ್ನು ಮುಂದಕ್ಕೆ ಒಯ್ಯಲು ಸೇಬು ಬಿಡಲಿಲ್ಲ.

ನಿಜವಾಗಿ ನಡೆದದ್ದು

ಸವೊನರೋಲ ಹುಟ್ಟಿದ್ದು 1452ರಲ್ಲಿ, ಫೆರಾರಾದಲ್ಲಿ. ಅಜ್ಜ ಹೆಸರಾಂತ ವೈದ್ಯ. 1475ರಲ್ಲಿ ಮನೆ ಬಿಟ್ಟು ಬೊಲೊನ್ಯಾದಲ್ಲಿ ಸನ್ಯಾಸಿಯಾದ. 1482ರಲ್ಲಿ ಮೊದಲ ಸಲ ಫ್ಲಾರೆನ್ಸಿಗೆ ಬಂದಾಗ ಅವನ ಉಪದೇಶ ಯಾರಿಗೂ ಹಿಡಿಸಲಿಲ್ಲ. ಧ್ವನಿ ಒರಟು, ಮಾತಿನ ಧಾಟಿ ಹೊರಗಿನದು. ಈ ಸಣ್ಣ ವಿಷಯ ನೆನಪಿರಲಿ. ಮಾತಿನಿಂದಲೇ ಇಡೀ ಊರನ್ನು ಕಟ್ಟಿ ಹಾಕಿದ ಮನುಷ್ಯ ಮಾತಿನಲ್ಲಿ ಸೋತು ಶುರು ಮಾಡಿದ್ದ.

1490ರಲ್ಲಿ ಅವನು ಮತ್ತೆ ಬಂದ. ಕರೆಸಿಕೊಂಡವನು ಊರನ್ನು ಕೈಯಲ್ಲಿಟ್ಟುಕೊಂಡಿದ್ದ ಮೆದಿಚಿ ಮನೆತನದ ಯಜಮಾನ ಲೊರೆಂಜೊ ಮೆದಿಚಿಯೇ. ಮರುವರ್ಷ ಸಾನ್ ಮಾರ್ಕೊ ಮಠದ ಮುಖ್ಯಸ್ಥನಾದ. 1492ರಲ್ಲಿ ಲೊರೆಂಜೊ ತೀರಿಕೊಂಡ. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೇ ಚಾರ್ಲ್ಸ್ ಸೈನ್ಯ ಕಟ್ಟಿಕೊಂಡು ಇಟಲಿಗೆ ಇಳಿದ. ದೇವರ ಕತ್ತಿ ಬರುತ್ತದೆ ಅಂತ ಸನ್ಯಾಸಿ ಮೊದಲಿಂದ ಹೇಳುತ್ತಿದ್ದ. ಅದು ಬಂದೇಬಿಟ್ಟಿತು ಅಂತ ಜನ ನಂಬಿದರು. ಲೊರೆಂಜೊನ ಮಗ ಪಿಯೆರೊನನ್ನು ಊರಿಂದ ಓಡಿಸಿದರು.

ಆಮೇಲಿನ ಭಾಗ ಆಟದಲ್ಲಿ ಇಲ್ಲವೇ ಇಲ್ಲ. ಸವೊನರೋಲ ಬರೀ ಸುಡಿಸಿದವನಲ್ಲ. ಅವನ ಒತ್ತಾಯದಿಂದ ಫ್ಲಾರೆನ್ಸಿನಲ್ಲಿ ಮಹಾಸಭೆ ಬಂತು. ನಾಡಿನ ಆಡಳಿತದಲ್ಲಿ ಮೊದಲಿಗಿಂತ ಎಷ್ಟೋ ಜಾಸ್ತಿ ಜನರಿಗೆ ಪಾಲು ಸಿಕ್ಕಿತು. ಆ ಸಭೆಗೆ ಅಂತಲೇ ಚೌಕದಲ್ಲಿರುವ ಆಡಳಿತದ ಅರಮನೆಯಲ್ಲಿ ದೊಡ್ಡ ಹಜಾರ ಕಟ್ಟಿದರು, ಅದು ಇವತ್ತಿಗೂ ಇದೆ. ಮರಣದಂಡನೆಯಾದವರು ಸಭೆಗೆ ಮೇಲ್ಮನವಿ ಹಾಕಬಹುದು ಅನ್ನುವ ಕಾನೂನಿಗೆ ಅವನ ಬೆಂಬಲ ಇತ್ತು. ಬಡವರು ಒತ್ತೆ ಇಟ್ಟು ಕಡಿಮೆ ಬಡ್ಡಿಗೆ ಸಾಲ ಪಡೆಯುವ ವ್ಯವಸ್ಥೆಗೂ ಇತ್ತು. ಇನ್ನೊಂದು ಕಡೆ, ಸಲಿಂಗ ಸಂಬಂಧಕ್ಕೆ ಶಿಕ್ಷೆ ಕ್ರೂರವಾದದ್ದು ಇವನ ಕಾಲದಲ್ಲೇ. 1497ರ ಆಗಸ್ಟಿನಲ್ಲಿ ಮೆದಿಚಿ ಪರ ಪಿತೂರಿ ಮಾಡಿದರು ಅಂತ ಐದು ಜನರ ತಲೆ ತೆಗೆಯುವಾಗ, ಅದೇ ಮೇಲ್ಮನವಿಯ ಹಕ್ಕನ್ನು ಅವರಿಗೆ ಕೊಡಲಿಲ್ಲ. ಸನ್ಯಾಸಿ ಅಡ್ಡ ಬರಲಿಲ್ಲ.

ಇಂಥ ಮನುಷ್ಯನನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಕಷ್ಟ ಅನ್ನುವುದಕ್ಕೇ ಅವನ ಕಥೆ ಬೇಕು.

ಇನ್ನು ಆ ಬೆಂಕಿ. 1497ರ ಫೆಬ್ರವರಿ 7, ಕಾರ್ನಿವಲ್ ಹಬ್ಬದ ಕೊನೆಯ ದಿನ. ಚೌಕದಲ್ಲಿ ಮರದ ಮಜಲುಗಳನ್ನು ಒಂದರ ಮೇಲೊಂದು ಕಟ್ಟಿ ಗೋಪುರ ಮಾಡಿದ್ದರು. ಅದರ ಮೇಲೆ ಮುಖವಾಡ, ಕನ್ನಡಿ, ಸುಗಂಧ, ಇಸ್ಪೀಟೆಲೆ, ದಾಳ, ವೀಣೆಯಂಥ ವಾದ್ಯ, ಪುಸ್ತಕ, ಚಿತ್ರ. ಇವನ್ನೆಲ್ಲ ಮನೆಮನೆಗೆ ಹೋಗಿ ತಂದವರು ಹುಡುಗರು. ಸವೊನರೋಲನ ಹುಡುಗರ ದಳ ಅಂತಲೇ ಇತ್ತು. ಬಾಗಿಲು ತಟ್ಟಿ ಕೇಳುತ್ತಿದ್ದರು. ಕೆಲವರು ಹೆದರಿ ಕೊಟ್ಟರು. ಕೆಲವರು ಮನಸ್ಸಿಟ್ಟು ಕೊಟ್ಟರು.

ಆ ಮನಸ್ಸಿಟ್ಟು ಕೊಟ್ಟವರ ಜಾತಿಯ ಒಬ್ಬ ಮನುಷ್ಯ ನಮಗೆ ಗೊತ್ತು. ಹೆಸರು ಲೂಕಾ ಲಾಂಡುಚ್ಚಿ. ಔಷಧಿ, ಸಾಂಬಾರ ಪದಾರ್ಥ ಮಾರುವ ಅಂಗಡಿಯವನು. ಹತ್ತಾರು ವರ್ಷ ದಿನಚರಿ ಬರೆದಿಟ್ಟ. ಆ ಹುಡುಗರ ದಳದಲ್ಲಿ ತನ್ನ ಮಕ್ಕಳೂ ಇದ್ದರು ಅಂತ ಸಂತೋಷದಿಂದ ಬರೆದುಕೊಂಡಿದ್ದಾನೆ. ಯಾರೂ ಅವನ ಕಣ್ಣಿಗೆ ಮಾಯೆಯ ಗುಂಡು ಹಿಡಿದಿರಲಿಲ್ಲ. ತನ್ನ ಊರು ಹೊಸ ಜೆರುಸಲೇಮ್ ಆಗುತ್ತದೆ ಅಂತ ಅವನೇ ನಂಬಿದ್ದ.

ಅವನ ನಂಬಿಕೆ ಮುರಿದದ್ದು ಹೇಗೆ? ಆಟದಲ್ಲಿ ಸೇಬು ಕೈಜಾರಿದ ಕೂಡಲೇ ಜನರಿಗೆ ಬುದ್ಧಿ ಬರುತ್ತದೆ. ನಿಜದಲ್ಲಿ ಅದಕ್ಕೆ ವರ್ಷವೇ ಹಿಡಿಯಿತು. 1497ರ ಮೇ ತಿಂಗಳಲ್ಲಿ ಪೋಪ್ ಆರನೇ ಅಲೆಕ್ಸಾಂಡರ್ ಅವನನ್ನು ಚರ್ಚಿನಿಂದ ಬಹಿಷ್ಕರಿಸಿದ. ಕೆಲವು ತಿಂಗಳು ಸುಮ್ಮನಿದ್ದ ಸನ್ಯಾಸಿ 1498ರ ಫೆಬ್ರವರಿಯಲ್ಲಿ ಮತ್ತೆ ಉಪದೇಶಕ್ಕೆ ನಿಂತ. ಆಗ ಪೋಪ್ ಇಡೀ ಊರಿಗೇ ಬಹಿಷ್ಕಾರದ ಬೆದರಿಕೆ ಹಾಕಿದ. ಹಾಗಾದರೆ ಹೊರಗೆ ಹೋದ ವ್ಯಾಪಾರಿಗಳ ಸರಕಿಗೆ ಗತಿ ಏನು? ಊರಿನ ದೊಡ್ಡವರಿಗೆ ಹೊಟ್ಟೆಯಲ್ಲಿ ನಡುಕ ಶುರುವಾಯಿತು.

ಸವೊನರೋಲನ ಮಾತು ನಿಜವೇ ಅಂತ ನೋಡಲು ಏಪ್ರಿಲ್ 7ರಂದು ಅಗ್ನಿಪರೀಕ್ಷೆ ಇಟ್ಟರು. ನಮ್ಮಲ್ಲಿ ಸುಮ್ನೆ ಮಾತಿಗೆ ಅಗ್ನಿಪರೀಕ್ಷೆ ಅನ್ನುತ್ತೇವೆ, ಇದು ನಿಜವಾದ ಬೆಂಕಿ. ಚೌಕದಲ್ಲಿ ಸೌದೆ ಒಟ್ಟಿ ನಡುವೆ ಕಿರಿದಾದ ದಾರಿ ಬಿಟ್ಟಿದ್ದರು. ಫ್ರಾನ್ಸಿಸ್ಕನ್ ಪಂಥದ ಒಬ್ಬ, ಸವೊನರೋಲನ ಕಡೆಯಿಂದ ಸೋದರ ಡೊಮೆನಿಕೊ, ಇಬ್ಬರೂ ಆ ದಾರಿಯಲ್ಲಿ ನಡೆಯಬೇಕು. ಜನ ಬೆಳಗಿಂದ ಕಾದರು. ಯಾವ ಬಟ್ಟೆ ತೊಡಬೇಕು, ಶಿಲುಬೆ ಹಿಡಿಯಬಹುದೇ, ಪ್ರಸಾದದ ರೊಟ್ಟಿ ಒಯ್ಯಬಹುದೇ ಅಂತ ಎರಡೂ ಕಡೆಯವರು ವಾದ ಮಾಡುತ್ತಲೇ ಇದ್ದರು. ನಡುವೆ ಮಳೆ ಸುರಿಯಿತು. ಹೊತ್ತು ಇಳಿಯುವಾಗ ಪರೀಕ್ಷೆ ರದ್ದಾಯಿತು. ಪವಾಡ ನೋಡಲು ಬಂದವರು ಒದ್ದೆಯಾಗಿ, ಸಿಟ್ಟಾಗಿ ಮನೆಗೆ ಹೋದರು. ಮಾರನೇ ದಿನ ಸಾನ್ ಮಾರ್ಕೊ ಮಠಕ್ಕೆ ನುಗ್ಗಿದರು. ರಾತ್ರಿ ಸವೊನರೋಲ ಸೆರೆಯಾದ.

ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಲ್ಲಿ ಮೇಲೆತ್ತಿ, ಸರಕ್ಕನೆ ಕೆಳಗೆ ಬಿಟ್ಟರು. ಮತ್ತೆ ಮತ್ತೆ. ತಾನು ಪ್ರವಾದಿಯಲ್ಲ ಅಂತ ಅವನಿಂದ ಹೇಳಿಸಿದರು. ಏಪ್ರಿಲ್ 19ರಂದು ಆ ಹೇಳಿಕೆಯನ್ನು ಮಹಾಸಭೆಯ ಹಜಾರದಲ್ಲಿ ಓದಿದರು. ಅವನ ಒತ್ತಾಯದಿಂದ ಕಟ್ಟಿದ ಅದೇ ಹಜಾರ. ಕೇಳುತ್ತಿದ್ದವರಲ್ಲಿ ಲಾಂಡುಚ್ಚಿಯೂ ಇದ್ದ. ಇಷ್ಟು ದೊಡ್ಡ ಕಟ್ಟಡ ಸುಳ್ಳಿನ ಮೇಲೆ ನಿಂತಿತ್ತೇ ಅಂತ ಎದೆ ನೊಂದಿತು ಎಂದು ಬರೆದ.

ಮೇ ತಿಂಗಳಲ್ಲಿ ರೋಮ್‌ನಿಂದ ಪೋಪನ ಇಬ್ಬರು ಪ್ರತಿನಿಧಿಗಳು ಬಂದರು. ಅವರಲ್ಲಿ ಒಬ್ಬ ಡೊಮಿನಿಕನ್ ಪಂಥದ ಮಹಾಮುಖ್ಯಸ್ಥನೇ. ತೀರ್ಪು ಬಂತು. 23ರಂದು ಸವೊನರೋಲ, ಡೊಮೆನಿಕೊ, ಜೊತೆಯ ಇನ್ನೊಬ್ಬ ಸನ್ಯಾಸಿ ಸಿಲ್ವೆಸ್ಟ್ರೊ ಮೂವರನ್ನೂ ಮೊದಲು ಗಲ್ಲಿಗೇರಿಸಿದರು, ಆಮೇಲೆ ಸುಟ್ಟರು. ಗಲ್ಲುಕಂಬ ಶಿಲುಬೆಯ ಹಾಗೆ ಕಾಣುತ್ತದೆ ಅಂತ ಜನ ಮಾತಾಡಿಕೊಂಡರು. ಅದಕ್ಕೆ ಅಡ್ಡ ತೊಲೆಯ ತುದಿಗಳನ್ನು ಕತ್ತರಿಸಿದರು. ಆದರೂ ಶಿಲುಬೆಯ ಹಾಗೇ ಕಾಣುತ್ತಿತ್ತಂತೆ. ಬೂದಿಯನ್ನು ಯಾರೂ ಎತ್ತಿಟ್ಟು ಪೂಜೆ ಮಾಡಬಾರದು ಅಂತ ಅರ್ನೋ ನದಿಗೆ ಸುರಿದರು.

ಸೇಬು ಏನು ಮಾಡಿತು

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಆಟ ಕಲ್ಪನೆ ಸೇರಿಸಿತು ಅನ್ನುವುದು ನನ್ನ ದೂರೇ ಅಲ್ಲ. ಬೆರಳು ಕಡಿಮೆ ಮಾಡಿದ್ದು, ಒಂಬತ್ತು ಜನರನ್ನು ಹುಟ್ಟಿಸಿದ್ದು, ಮಾಕಿಯಾವೆಲ್ಲಿಯನ್ನು ಹಂತಕರ ಸಂಘಕ್ಕೆ ಸೇರಿಸಿದ್ದು, ಎಲ್ಲಾ ಸರಿ. ಕಥೆ ಅಂದ ಮೇಲೆ ಅಷ್ಟು ಸಲುಗೆ ಇರಲೇಬೇಕು.

ನನ್ನ ತಕರಾರು ಸೇಬಿನ ಜೊತೆ. ಅದು ಸವೊನರೋಲನ ಧ್ವನಿಯನ್ನು ಕಿತ್ತುಕೊಂಡಿತು. ಒರಟು ಗಂಟಲಿನ ಒಬ್ಬ ಸನ್ಯಾಸಿ, ಕೈಯಲ್ಲಿ ಆಯುಧ ಇಲ್ಲ, ಹಣ ಇಲ್ಲ, ಹೊರಗಿನ ಊರಿನವನು. ಬರೀ ಮಾತಿನಿಂದ ಆ ಕಾಲದ ಅತಿ ಬುದ್ಧಿವಂತ ಊರಿನ ಕಣ್ಣಲ್ಲಿ ನೀರು ತರಿಸಿದ. ಅವನ ಹಿಂಬಾಲಕರಿಗೆ 'ಅಳುಬುರುಕರು' ಅಂತಲೇ ಅಡ್ಡಹೆಸರು ಬಿದ್ದಿತ್ತು. ಹೆದರಬೇಕಾದದ್ದು ಅಲ್ಲಿ, ಕಲಿಯಬೇಕಾದದ್ದೂ ಅಲ್ಲಿ. ಅದರ ಬದಲು ಒಂದು ಯಂತ್ರ ಕೊಟ್ಟರೆ ಆ ಜಾಗದಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಬಹುದು, ಅಲ್ವಾ? ಸನ್ಯಾಸಿಯೇ ಯಾಕೆ ಬೇಕು?

ಅಷ್ಟೇ ದೊಡ್ಡದಾಗಿ, ಅದು ಜನರ ಹೊಣೆಯನ್ನೂ ಕಿತ್ತುಕೊಂಡಿತು. ಲಾಂಡುಚ್ಚಿಯ ಮಕ್ಕಳು ಬಾಗಿಲು ತಟ್ಟಿದ್ದು ತಾವಾಗಿ. ತಾಯಂದಿರು ಕನ್ನಡಿ ಕೊಟ್ಟದ್ದು ತಾವಾಗಿ. ಮಳೆಯಲ್ಲಿ ನೆನೆದು ಸಿಟ್ಟಾದವರೂ ಅವರೇ. ಇವತ್ತು ಪಾದಕ್ಕೆ ಬಿದ್ದ ಜನವೇ ಮುಂದಿನ ವರ್ಷ ಮಠದ ಬಾಗಿಲು ಮುರಿದರು. ಸೇಬು ಇದ್ದರೆ ಇದಕ್ಕೆಲ್ಲ ಒಂದೇ ಉತ್ತರ. ಅವರಿಗೆ ಮಾಯೆ ಹಿಡಿದಿತ್ತು, ಈಗ ಬಿಟ್ಟಿತು.

ಎಟ್ಸಿಯೊನ ಕೊನೆಯ ಮಾತು ಕುಸಿಯುವುದು ಇಲ್ಲೇ. ನೀವೇ ಯೋಚಿಸಿ, ಯಾರ ಹಿಂದೆಯೂ ಹೋಗಬೇಡಿ ಅನ್ನುತ್ತಾನೆ. ಬಹಳ ಒಳ್ಳೆಯ ಮಾತು. ಆದರೆ ಆಟದ ಕಥೆಯ ಪ್ರಕಾರ ಈ ಜನ ಯೋಚಿಸದೆ ತಪ್ಪು ಮಾಡಿದವರೇ ಅಲ್ಲ. ಯೋಚಿಸುವ ಶಕ್ತಿಯನ್ನೇ ಯಾರೋ ಕದ್ದಿದ್ದರು. ಕಳ್ಳತನಕ್ಕೆ ಒಳಗಾದವನಿಗೆ ಬುದ್ಧಿ ಹೇಳಿದ ಹಾಗಾಯಿತು. ಅದೇ ಮಾತನ್ನು ಸೇಬು ಇಲ್ಲದ ಫ್ಲಾರೆನ್ಸಿನಲ್ಲಿ, ಲಾಂಡುಚ್ಚಿಯಂಥವರ ಮುಂದೆ ಹೇಳಿದ್ದರೆ ಎಷ್ಟು ತೂಕ ಬರುತ್ತಿತ್ತು!

ನನಗೆ ಜಾಸ್ತಿ ಅಚ್ಚರಿಯಾದದ್ದು ಇನ್ನೊಂದು. ಈ ಆಟದ ಮುಖ್ಯ ಖಳ ಯಾರು ಗೊತ್ತಾ? ರೊಡ್ರಿಗೊ ಬೋರ್ಜಿಯಾ, ಅಂದರೆ ಅದೇ ಪೋಪ್ ಆರನೇ ಅಲೆಕ್ಸಾಂಡರ್. ಆಟದಲ್ಲಿ ಅವನು ಟೆಂಪ್ಲರ್‌ಗಳ, ಅಂದರೆ ಹಂತಕರ ಶತ್ರು ಪಂಗಡದ ಮಹಾಗುರು. 1499ರಲ್ಲಿ ರೋಮ್‌ನ ಸಿಸ್ಟೈನ್ ಚಾಪೆಲ್‌ನ ಅಡಿಯ ಗುಪ್ತ ಕೋಣೆಯಲ್ಲಿ ಎಟ್ಸಿಯೊ ಅವನ ಜೊತೆ ಮುಷ್ಟಿಯುದ್ಧ ಮಾಡುತ್ತಾನೆ, ಕೊನೆಗೆ ಬಿಟ್ಟುಬಿಡುತ್ತಾನೆ. ಮೆದಿಚಿ ಸೋದರರನ್ನು ಕೊಲ್ಲಲು ನಡೆದ 1478ರ ಪಾತ್ಸಿ ಪಿತೂರಿಯ ಹಿಂದೆಯೂ ಇವನೇ ಇದ್ದ ಅಂತ ಆಟ ತೋರಿಸುತ್ತದೆ. ನಿಜದಲ್ಲಿ ಆಗ ಪೋಪ್ ಆಗಿದ್ದವನು ನಾಲ್ಕನೇ ಸಿಕ್ಸ್ಟಸ್, ಪಿತೂರಿಯಲ್ಲಿ ಕೈಯಾಡಿಸಿದವರು ಅವನ ಕಡೆಯವರು. ಹೀಗೆ ತಾನು ಮಾಡದ ಪಾಪವನ್ನೂ ಅಲೆಕ್ಸಾಂಡರ್ ಹೊರುತ್ತಾನೆ. ಆದರೆ ಅವನ ಕೈ ನಿಜವಾಗಿ ಇದ್ದ ಒಂದು ಸಾವು ಇದೆ. ಅವನ ಬಹಿಷ್ಕಾರ, ಅವನ ಬೆದರಿಕೆ, ಅವನ ಪ್ರತಿನಿಧಿಗಳು. ಆ ಸಾವನ್ನು ಆಟ ಗುಂಪಿನ ತಲೆಗೆ ಕಟ್ಟಿತು.

ಸಾನ್ ಮಾರ್ಕೊ ಈಗ ವಸ್ತುಸಂಗ್ರಹಾಲಯ. ಅಲ್ಲಿ ಈ ಮರಣದಂಡನೆಯ ಹಳೆಯ ಚಿತ್ರವೊಂದಿದೆ, ಬರೆದವನ ಹೆಸರು ತಿಳಿಯದ ಚಿತ್ರ. ಚಿತ್ರದ ಪ್ರತಿಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಅರಮನೆಯ ಬಾಗಿಲಿಂದ ಗಲ್ಲುಕಂಬದವರೆಗೆ ಉದ್ದನೆಯ ಮರದ ಅಟ್ಟಣೆ. ಅದರ ಮೇಲೆ ಬಿಳಿ ಬಟ್ಟೆಯ ಸನ್ಯಾಸಿಗಳನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ಅರಮನೆಯ ಮುಂದೆ ಅಧಿಕಾರಿಗಳು ಸಾಲಾಗಿ ಕೂತಿದ್ದಾರೆ. ಚೌಕದಲ್ಲಿ ಗುಂಪಿಲ್ಲ, ಕೂಗಾಟ ಇಲ್ಲ. ಅಲ್ಲಲ್ಲಿ ಇಬ್ಬರು ಮೂವರು ನಿಂತು ಮಾತಾಡುತ್ತಿದ್ದಾರೆ. ಒಬ್ಬ ಬೆನ್ನ ಮೇಲೆ ಸೌದೆಹೊರೆ ಹೊತ್ತು ಬೆಂಕಿಯ ಕಡೆ ನಡೆಯುತ್ತಿದ್ದಾನೆ, ದಿನದ ಕೆಲಸಕ್ಕೆ ಹೋಗುವವನ ಹಾಗೆ.

ಆಟದ ಕಿರುಚುವ ಗುಂಪಿಗಿಂತ ಈ ಸೌದೆ ಹೊತ್ತವನು ನನ್ನನ್ನು ಹೆಚ್ಚು ಕಾಡಿದ. ಇದು ರೊಚ್ಚಿಗೆದ್ದ ಜನರ ಕೆಲಸವಲ್ಲ. ಕಡತ, ಸಹಿ, ಮೊಹರು, ಕೂಲಿ ಎಲ್ಲಾ ಇದ್ದ ಕೆಲಸ.

ಯಾಕೆ ಹೀಗೆ ಮಾಡಿದರು

ಆಟ ಮಾಡಿದ ಸ್ಟುಡಿಯೋದವರ ಕಷ್ಟವೂ ಅರ್ಥವಾಗುತ್ತದೆ. ಇದು ಓಡುವ, ಹತ್ತುವ, ಇರಿಯುವ ಆಟ. ಆಟಗಾರನಿಗೆ ಗುರಿ ಬೇಕು. ಉಪದೇಶವನ್ನು ಇರಿಯಲು ಆಗುವುದಿಲ್ಲ. ಸಭೆಯ ನಿರ್ಣಯದ ಮೇಲೆ ಛಾವಣಿಯಿಂದ ನೆಗೆಯಲು ಆಗುವುದಿಲ್ಲ. ಕದಿಯಬಹುದಾದ, ಕೆಡವಬಹುದಾದ ವಸ್ತು ಕೈಯಲ್ಲಿದ್ದರೆ ಮಿಷನ್ ಕಟ್ಟುವುದು ಸುಲಭ. ಅದೂ ಅಲ್ಲದೆ ಈ ಅಧ್ಯಾಯ ಚಿಕ್ಕದು.

ಇನ್ನೊಂದು ಕಾರಣ ಎಚ್ಚರಿಕೆ ಅನ್ನಿಸುತ್ತದೆ. ಈ ಸರಣಿಯ ಆಟಗಳು ಶುರುವಾಗುವಾಗಲೇ ಒಂದು ಸಾಲು ಬರುತ್ತದೆ. ಇದು ಇತಿಹಾಸದಿಂದ ಪ್ರೇರಣೆ ಪಡೆದ ಕಲ್ಪನೆ, ಬೇರೆ ಬೇರೆ ಧರ್ಮ, ನಂಬಿಕೆಯ ಜನ ಸೇರಿ ಮಾಡಿದ್ದು ಅಂತ. 2007ರ ಮೊದಲ ಆಟದಿಂದಲೇ ಇದೆ. ಒಳ್ಳೆಯ ಮನಸ್ಸಿನ ಸಾಲು ಅದು. ಸೇಬು ಕೂಡ ಅದೇ ಕೆಲಸ ಮಾಡುತ್ತದೆ. ಎಲ್ಲಾ ಯಂತ್ರದ ಆಟ ಅಂದುಬಿಟ್ಟರೆ ನಂಬಿಕೆಯ ಬಗ್ಗೆ ಏನೂ ಹೇಳಬೇಕಾಗಿಲ್ಲ. ಯಾರಿಗೂ ನೋವಾಗುವುದಿಲ್ಲ ಅಂತ ಅಂದುಕೊಂಡಿರಬಹುದು.

ಆದರೆ ನಂಬುವವರ ಕಡೆಯಿಂದ ಯೋಚಿಸಿ ನೋಡಿ. ನಿನ್ನ ಗುರು ಕೆಟ್ಟವನು ಅಂದರೆ ವಾದ ಮಾಡಬಹುದು. ನಿನ್ನ ಗುರುವಿಗೆ ಏನೂ ಗೊತ್ತಿರಲಿಲ್ಲ, ನಿನ್ನ ಹಿರಿಯರು ಬೊಂಬೆಗಳಾಗಿದ್ದರು ಅಂದರೆ? ಅದರಲ್ಲೇ ಅವಮಾನ ಜಾಸ್ತಿ. ಸವೊನರೋಲನನ್ನು ಸಂತ ಅಂತ ನೋಡುವವರು ಇವತ್ತಿಗೂ ಇದ್ದಾರೆ. ಹುಚ್ಚ ಅನ್ನುವವರೂ ಇದ್ದಾರೆ. ಇಬ್ಬರೂ ಅವನು ತನ್ನ ಮಾತನ್ನು ತಾನೇ ಆಡಿದ ಅಂತ ಒಪ್ಪುತ್ತಾರೆ. ಆಟ ಮಾತ್ರ ಅದನ್ನು ಒಪ್ಪಲಿಲ್ಲ.

ನನಗೆ ಕೇಳಿದರೆ ನಾನು ಏಪ್ರಿಲ್ 7ನ್ನು ಕೊಡಿ ಅನ್ನುತ್ತಿದ್ದೆ. ಆಟಗಾರ ಚೌಕದಲ್ಲಿ ನಿಂತಿದ್ದಾನೆ. ಕೈಯಲ್ಲಿ ಅಲಗು ಇದೆ, ಬಳಸುವ ಹಾಗಿಲ್ಲ. ಸೌದೆಯ ನಡುವೆ ದಾರಿ ಕಾಣುತ್ತಿದೆ. ಪಕ್ಕದಲ್ಲಿ ಒಬ್ಬ ಹೆಂಗಸು ಮಣಿಮಾಲೆ ತಿರುಗಿಸುತ್ತಿದ್ದಾಳೆ. ಹಿಂದೆ ಯಾರೋ, ಇವತ್ತು ಇಲ್ಲ ಅಂದರೆ ಯಾವತ್ತೂ ಇಲ್ಲ ಅನ್ನುತ್ತಿದ್ದಾರೆ. ಜನರ ಮಾತು ಕೇಳುತ್ತಾ ಚೌಕದಲ್ಲಿ ಓಡಾಡುವುದಷ್ಟೇ ಕೆಲಸ. ಗಂಟೆ ಕಳೆದಂತೆ ಅದೇ ಬಾಯಿಗಳಿಂದ ಬರುವ ಮಾತು ನಿಧಾನವಾಗಿ ಬದಲಾಗುತ್ತದೆ. ಮೋಡ ಕವಿಯುತ್ತದೆ. ಮೊದಲ ಹನಿ ಬೀಳುತ್ತದೆ. ಇದನ್ನು ಮಾಡುವ ಶಕ್ತಿ ಆ ತಂಡಕ್ಕೆ ಇತ್ತು. ಅವರು ಕಟ್ಟಿದ ಫ್ಲಾರೆನ್ಸಿನ ಬೀದಿಗಳಲ್ಲಿ ಸುಮ್ನೆ ನಡೆದಾಡಿದವರಿಗೆ ಅದು ಗೊತ್ತು.

ನಿಜವಾದ ಚೌಕದಲ್ಲಿ, ಗಲ್ಲುಕಂಬ ಇದ್ದ ಜಾಗದಲ್ಲಿ, ನೆಲಕ್ಕೆ ಒಂದು ದುಂಡನೆಯ ಕಲ್ಲು ಕೂರಿಸಿದ್ದಾರೆ. ಪ್ರತಿ ವರ್ಷ ಮೇ 23ರಂದು ಜನ ಬಂದು ಅದರ ಮೇಲೆ ಹೂವು ಹರಡುತ್ತಾರೆ. ಆಮೇಲೆ ನಡೆದುಕೊಂಡು ಹೋಗಿ, ಬೂದಿ ಸುರಿದ ಅದೇ ಅರ್ನೋ ನದಿಗೆ ಹೂವಿನ ಎಸಳು ಹಾಕುತ್ತಾರೆ.